ನಿಧಾನಬಿಡುಗಡೆ ಔಷಧಗಳ ಹೀರಿಕೆಯ ಮೇಲೆ ಆಹಾರದ ಪರಿಣಾಮ

ಔಷಧದ ಅಂಶವನ್ನು ಒಮ್ಮೆಗೇ ಬಿಡದೆ ಹಲವು ಗಂಟೆಗಳ ಕಾಲ ಸ್ವಲ್ಪ ಸ್ವಲ್ಪವಾಗಿ ಹೊರಬಿಡುವಂತೆ ರಚಿಸಿದ ಮಾತ್ರೆ ಅಥವಾ ಕ್ಯಾಪ್ಸೂಲಿಗೆ ನಿಧಾನಬಿಡುಗಡೆ ಔಷಧ ಎಂದು ಹೆಸರು. ಸಾಮಾನ್ಯ ಮಾತ್ರೆ ಹೊಟ್ಟೆಗಿಳಿದ ಅರ್ಧ ಗಂಟೆಯೊಳಗೆ ಬಹುಮಟ್ಟಿಗೆ ಒಡೆದು ಕರಗಿಹೋಗುತ್ತದೆ. ನಿಧಾನಬಿಡುಗಡೆ ಮಾತ್ರೆ ಹಾಗಲ್ಲ; ಜಠರದಿಂದ ದೊಡ್ಡ ಕರುಳಿನವರೆಗೆ ಸಾಗುತ್ತಲೇ 12ರಿಂದ 24 ಗಂಟೆಗಳ ಕಾಲ ಅದು ಕೆಲಸ ಮಾಡುತ್ತಿರಬೇಕು. ಅಷ್ಟರಲ್ಲಿ ಎರಡು ಮೂರು ಊಟಗಳು ಅದರ ಜೊತೆ ಸೇರಿಕೊಳ್ಳುತ್ತವೆ. ಊಟದ ಹೊತ್ತು, ಪ್ರಮಾಣ ಮತ್ತು ಕೊಬ್ಬಿನಂಶ ಇವು ರಕ್ತದಲ್ಲಿ ಔಷಧದ ಮಟ್ಟವನ್ನು ಏರಿಸಬಹುದು, ಇಳಿಸಬಹುದು, ತಡವಾಗಿಸಬಹುದು, ಅಥವಾ ಏನೂ ಮಾಡದೆ ಇರಬಹುದು. ಇವುಗಳಲ್ಲಿ ಯಾವುದು ಆಗುತ್ತದೆ ಎಂಬುದು ಔಷಧದ ರಾಸಾಯನಿಕ ಗುಣದ ಮೇಲೆ ನಿಂತಿರುವಷ್ಟೇ ಮಾತ್ರೆಯನ್ನು ಕಟ್ಟಿದ ಬಗೆಯ ಮೇಲೂ ನಿಂತಿದೆ. ಆದ್ದರಿಂದ ಒಂದೇ ಔಷಧದ ಎರಡು ತಯಾರಿಕೆಗಳಲ್ಲಿ ಒಂದನ್ನು ಬರಿಹೊಟ್ಟೆಯಲ್ಲಿ, ಇನ್ನೊಂದನ್ನು ಊಟದೊಂದಿಗೆ ತೆಗೆದುಕೊಳ್ಳಬೇಕಾಗಿ ಬರುವುದುಂಟು.

ಹಿನ್ನೆಲೆ

ಈ ಬಗೆಯ ಔಷಧಗಳಲ್ಲಿ ಮೊದಲು ಹೆಸರಾದದ್ದು ಅಮೆರಿಕದ ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಕಂಪನಿ 1952ರಲ್ಲಿ ತಂದ ಸ್ಪ್ಯಾನ್ಸೂಲ್. ಒಂದು ಕ್ಯಾಪ್ಸೂಲಿನೊಳಗೆ ನೂರಾರು ಸಣ್ಣ ಕಾಳುಗಳು; ಕೆಲವಕ್ಕೆ ತೆಳುವಾದ ಲೇಪ, ಕೆಲವಕ್ಕೆ ದಪ್ಪ ಲೇಪ. ತೆಳು ಲೇಪದವು ಮೊದಲು, ದಪ್ಪ ಲೇಪದವು ಆಮೇಲೆ ಕರಗಿ ಔಷಧ ಗಂಟೆಗಟ್ಟಲೆ ಸಿಗುತ್ತಿತ್ತು. 1968ರಲ್ಲಿ ಅಲೆಹಾಂಡ್ರೊ ಜಫರೋನಿ ಸ್ಥಾಪಿಸಿದ ಆಲ್ಜಾ ಕಂಪನಿಯಲ್ಲಿ ಫೆಲಿಕ್ಸ್ ಥೀವ್ಸ್ 1970ರ ದಶಕದಲ್ಲಿ ಆಸ್ಮೋಟಿಕ್ ಪಂಪಿನ ತತ್ತ್ವದ ಮಾತ್ರೆಯನ್ನು ರೂಪಿಸಿದರು. ರಕ್ತದೊತ್ತಡ, ಮಧುಮೇಹ, ಉಬ್ಬಸ, ಮನೋರೋಗಗಳಂಥ ದೀರ್ಘಕಾಲದ ಕಾಯಿಲೆಗಳಲ್ಲಿ ದಿನಕ್ಕೆ ಮೂರು ಸಲದ ಬದಲು ಒಂದೇ ಸಲ ಮಾತ್ರೆ ನುಂಗಿದರೆ ಸಾಕಾಗುವುದರಿಂದ ಇಂಥ ತಯಾರಿಕೆಗಳು ಬೇಗ ಹರಡಿದವು.

ಭಾರತದ ಔಷಧಿ ಅಂಗಡಿಗಳಲ್ಲಿ ಇವನ್ನು ಮಾತ್ರೆಯ ಹೆಸರಿನ ಮುಂದಿನ ಅಕ್ಷರಗಳಿಂದ ಗುರುತಿಸಬಹುದು: ಎಸ್‌ಆರ್, ಇಆರ್, ಎಕ್ಸ್‌ಆರ್, ಎಕ್ಸ್‌ಎಲ್, ಸಿಆರ್, ಪಿಆರ್ ಇತ್ಯಾದಿ. ಇವು ಬಹುಪಾಲು ಕಂಪನಿಗಳು ಆರಿಸಿಕೊಂಡ ಗುರುತುಗಳು. ಮಾತ್ರೆ ಯಾವ ತಂತ್ರದಿಂದ ಔಷಧವನ್ನು ಬಿಡುತ್ತದೆ, ಊಟ ಅದರ ಮೇಲೆ ಏನು ಮಾಡುತ್ತದೆ ಎಂಬುದನ್ನು ಈ ಅಕ್ಷರಗಳು ತಿಳಿಸುವುದಿಲ್ಲ.

ಬರಿಹೊಟ್ಟೆ ಮತ್ತು ಉಂಡ ಹೊಟ್ಟೆ

ಹೊಟ್ಟೆ ಖಾಲಿಯಿದ್ದಾಗ ಜಠರ ಮತ್ತು ಸಣ್ಣ ಕರುಳಿನಲ್ಲಿ ಸುಮಾರು ಒಂದೂವರೆಯಿಂದ ಎರಡು ಗಂಟೆಗೊಮ್ಮೆ ಮರುಕಳಿಸುವ ಚಲನೆಯ ಚಕ್ರವೊಂದಿದೆ. ಬಹಳ ಹೊತ್ತು ಸ್ನಾಯುಗಳು ಸುಮ್ಮನಿರುತ್ತವೆ. ಬಳಿಕ ಅಲ್ಲೊಂದು ಇಲ್ಲೊಂದು ಸಂಕೋಚನ. ಕೊನೆಗೆ ಕೆಲವು ನಿಮಿಷಗಳ ಕಾಲ ಬಿರುಸಾದ ಅಲೆಗಳು ಎದ್ದು ಜಠರದಲ್ಲಿ ಉಳಿದದ್ದನ್ನೆಲ್ಲ ಕರುಳಿಗೆ ತಳ್ಳುತ್ತವೆ. ಮನೆ ಗುಡಿಸಿದಂತೆ ಕೆಲಸ ಮಾಡುವ ಈ ಅಲೆ ಬಂದಾಗ ಜಠರದ ಕೆಳಬಾಗಿಲು ಅಗಲವಾಗಿ ತೆರೆಯುತ್ತದೆ, ಇಡೀ ಮಾತ್ರೆಯೂ ಅದರಲ್ಲಿ ದಾಟಿಹೋಗುತ್ತದೆ. ಹಾಗಾಗಿ ಬರಿಹೊಟ್ಟೆಯಲ್ಲಿ ನುಂಗಿದ ಮಾತ್ರೆ ಹೆಚ್ಚೆಂದರೆ ಎರಡು ಗಂಟೆಯ ಆಸುಪಾಸಿನಲ್ಲಿ ಜಠರ ಬಿಡುತ್ತದೆ. ಅದು ಯಾವ ಕ್ಷಣದಲ್ಲಿ ಹೊರಬೀಳುತ್ತದೆ ಎಂಬುದು ನುಂಗುವಾಗ ಚಕ್ರ ಯಾವ ಹಂತದಲ್ಲಿತ್ತು ಎಂಬುದನ್ನು ಅವಲಂಬಿಸಿದೆ.

ಊಟ ಬಿದ್ದೊಡನೆ ಈ ಚಕ್ರ ನಿಲ್ಲುತ್ತದೆ. ಜಠರದ ಕೆಳಭಾಗ ಆಹಾರವನ್ನು ಅರೆಯತೊಡಗುತ್ತದೆ. ಕೆಳಬಾಗಿಲು ಆಗ ಜರಡಿಯಂತೆ ವರ್ತಿಸುತ್ತದೆ: ದ್ರವ ಮತ್ತು ಸುಮಾರು 2 ಮಿಲಿಮೀಟರಿಗಿಂತ ಸಣ್ಣ ಚೂರುಗಳು ದಾಟುತ್ತವೆ, ದೊಡ್ಡವು ಹಿಂದಕ್ಕೆ ಬರುತ್ತವೆ. ಒಡೆಯದೆ ಉಳಿಯುವ ನಿಧಾನಬಿಡುಗಡೆ ಮಾತ್ರೆ ಊಟವೆಲ್ಲ ಖಾಲಿಯಾಗಿ ಗುಡಿಸುವ ಅಲೆ ಮತ್ತೆ ಬರುವ ತನಕ ಜಠರದಲ್ಲೇ ಕುಳಿತಿರುತ್ತದೆ. ಹಗುರವಾದ ತಿಂಡಿಯ ಮೇಲೆ ಇದಕ್ಕೆ ಮೂರು ನಾಲ್ಕು ಗಂಟೆ ಹಿಡಿದರೆ ಕೊಬ್ಬಿನ ಊಟದ ಮೇಲೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಬೆಳಿಗ್ಗೆ ತಿಂಡಿ, ಹನ್ನೊಂದಕ್ಕೆ ಕುರುಕಲು, ಮಧ್ಯಾಹ್ನ ಊಟ ಎಂದು ಬಾಯಾಡಿಸುತ್ತಲೇ ಇರುವವರಲ್ಲಿ ಮಾತ್ರೆ ಹಗಲೆಲ್ಲ ಜಠರದಲ್ಲೇ ಉಳಿಯಬಹುದು.

ಆಮ್ಲತೆಯೂ ಬದಲಾಗುತ್ತದೆ. ಬರಿಹೊಟ್ಟೆಯ ಜಠರದಲ್ಲಿ ಪಿಎಚ್ 1ರಿಂದ 3ರ ನಡುವೆ ಇರುತ್ತದೆ. ಊಟದೊಂದಿಗೆ ಅದು 4-5ಕ್ಕೆ ಏರಿ, ಆಮ್ಲ ಸ್ರವಿಸಿದಂತೆ ಕೆಲವು ಗಂಟೆಗಳಲ್ಲಿ ಮತ್ತೆ ಇಳಿಯುತ್ತದೆ. ಕೊಬ್ಬು ಕರುಳಿಗೆ ತಲುಪಿದಾಗ ಪಿತ್ತಕೋಶ ಸಂಕುಚಿಸಿ ಪಿತ್ತರಸ ಸುರಿಯುತ್ತದೆ. ಕರುಳು ಮತ್ತು ಯಕೃತ್ತಿಗೆ ರಕ್ತದ ಹರಿವು ಹೆಚ್ಚುತ್ತದೆ.

ಜಠರದಲ್ಲಿ ಕಳೆಯುವ ಹೊತ್ತು ಹೀಗೆ ಹಿಗ್ಗಿ ಕುಗ್ಗಿದರೂ ಸಣ್ಣ ಕರುಳನ್ನು ದಾಟುವ ಹೊತ್ತು ಹೆಚ್ಚು ಬದಲಾಗುವುದಿಲ್ಲ. ಉಂಡಿರಲಿ ಬಿಡಲಿ, ಕಾಳಾಗಲಿ ಮಾತ್ರೆಯಾಗಲಿ, ಅದು ಸಾಮಾನ್ಯವಾಗಿ 3ರಿಂದ 4 ಗಂಟೆ. ಆಮೇಲೆ ದೊಡ್ಡ ಕರುಳು. ಅಲ್ಲಿ ನೀರು ಕಡಿಮೆ, ಹೀರುವ ಮೇಲ್ಮೈ ಕಿರಿದು, ಆದರೆ ಮಾತ್ರೆ ಒಂದು ದಿನ ಅಥವಾ ಅದಕ್ಕೂ ಹೆಚ್ಚು ಹೊತ್ತು ಇರಬಲ್ಲದು. ಬರಿಹೊಟ್ಟೆಯಲ್ಲಿ ನುಂಗಿದ ಮಾತ್ರೆ ಐದಾರು ಗಂಟೆಯೊಳಗೆ ದೊಡ್ಡ ಕರುಳಿಗೆ ಬಂದುಬಿಡುತ್ತದೆ ಎಂಬುದೇ ನಿಧಾನಬಿಡುಗಡೆ ಔಷಧಗಳ ವಿನ್ಯಾಸದಲ್ಲಿ ಎದುರಾಗುವ ಮುಖ್ಯ ತೊಡಕು. ಒಂದು ಔಷಧ ದೊಡ್ಡ ಕರುಳಿನಿಂದಲೂ ಹೀರಿಕೆಯಾಗುವುದಾದರೆ ತೊಂದರೆಯಿಲ್ಲ; ಸಣ್ಣ ಕರುಳಿನ ಮೇಲ್ಭಾಗದಿಂದ ಮಾತ್ರ ಹೀರಿಕೆಯಾಗುವುದಾದರೆ ಆಮೇಲೆ ಬಿಡುಗಡೆಯಾದ ಪಾಲು ವ್ಯರ್ಥ.

ಮಾತ್ರೆಯ ರಚನೆ

ನಿಧಾನಬಿಡುಗಡೆ ಮಾತ್ರೆಗಳನ್ನು ಕಟ್ಟುವ ವಿಧಾನಗಳು ಹಲವು. ಆಹಾರದೆದುರು ಒಂದೊಂದರ ವರ್ತನೆಯೂ ಬೇರೆ.

ಲೋಳೆ ಮಾತ್ರೆಗಳು: ಇವುಗಳಲ್ಲಿ ಔಷಧವನ್ನು ಹೈಪ್ರೊಮೆಲೋಸ್‌ನಂಥ ಪಾಲಿಮರಿನೊಂದಿಗೆ ಬೆರೆಸಿ ಒತ್ತಿರುತ್ತಾರೆ. ನೀರಿಗೆ ಹಾಕಿದ ಕಾಮಕಸ್ತೂರಿ ಬೀಜದ ಸುತ್ತ ಲೋಳೆ ಕಟ್ಟುವಂತೆ ಈ ಮಾತ್ರೆಯೂ ನೆನೆದು ಉಬ್ಬಿ ಮೈಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತದೆ. ಔಷಧ ಆ ಪದರದ ಮೂಲಕ ಸೋರುತ್ತದೆ, ಪದರವೂ ಹೊರಗಿನಿಂದ ಸವೆಯುತ್ತದೆ. ಉಂಡ ಹೊಟ್ಟೆಯ ಅರೆಯುವಿಕೆಗೆ ಸಿಕ್ಕಿದರೆ ಸವೆತ ಬಿರುಸಾಗಿ ಔಷಧ ಬೇಗ ಹೊರಬರಬಹುದು. ಕಡಿಮೆ ಕರಗುವ ಔಷಧಗಳಲ್ಲಿ ಬಿಡುಗಡೆ ಸವೆತವನ್ನೇ ನೆಚ್ಚಿರುವುದರಿಂದ ಈ ಪರಿಣಾಮ ಹೆಚ್ಚು.

ಲೇಪಿತ ಕಾಳುಗಳು: ಕ್ಯಾಪ್ಸೂಲು ಒಡೆದೊಡನೆ ಸಣ್ಣ ಕಾಳುಗಳು ಊಟದಲ್ಲಿ ಚದುರುತ್ತವೆ. ಒಂದೊಂದೂ 2 ಮಿಲಿಮೀಟರಿಗಿಂತ ಚಿಕ್ಕದಾದ್ದರಿಂದ ಜರಡಿಯನ್ನು ಊಟದ ಜೊತೆಗೇ ಸ್ವಲ್ಪ ಸ್ವಲ್ಪವಾಗಿ ದಾಟುತ್ತವೆ. ಇಡೀ ಡೋಸು ಒಂದೇ ಕಡೆ ಸಿಕ್ಕಿಕೊಳ್ಳುವ ಭಯವಿಲ್ಲ. ಆದರೆ ಲೇಪವೇ ಪಿಎಚ್‌ಗೆ ಅಥವಾ ಕೊಬ್ಬಿಗೆ ಸೋಲುವಂಥದ್ದಾದರೆ ಎಲ್ಲ ಕಾಳುಗಳೂ ಒಟ್ಟಿಗೆ ಸೋಲುತ್ತವೆ.

ಆಸ್ಮೋಟಿಕ್ ಪಂಪು: ನೀರನ್ನು ಮಾತ್ರ ಒಳಬಿಡುವ ಗಟ್ಟಿ ಕವಚ, ಅದಕ್ಕೆ ಲೇಸರಿನಿಂದ ಕೊರೆದ ಸೂಜಿಮೊನೆಯಷ್ಟು ರಂಧ್ರ. ಒಳಸೇರಿದ ನೀರಿನ ಒತ್ತಡಕ್ಕೆ ಔಷಧ ಆ ರಂಧ್ರದಿಂದ ಒಂದೇ ವೇಗದಲ್ಲಿ ಹೊರಬರುತ್ತದೆ. ಹೊರಗಿನ ಆಮ್ಲತೆ, ಅರೆತ, ಕೊಬ್ಬು ಇವುಗಳಿಂದ ಆ ವೇಗ ಹೆಚ್ಚು ಕದಲುವುದಿಲ್ಲ. ಔಷಧ ಖಾಲಿಯಾದ ಮೇಲೆ ಕವಚ ಹಾಗೇ ಮಲದಲ್ಲಿ ಹೋಗುತ್ತದೆ. ಮಾತ್ರೆ ಕರಗಲೇ ಇಲ್ಲವೆಂದು ಇದನ್ನು ಕಂಡ ರೋಗಿಗಳು ಗಾಬರಿಯಾಗುವುದುಂಟು. ಅದು ಬರಿಯ ಸಿಪ್ಪೆ, ಔಷಧ ಆಗಲೇ ಹೊರಬಂದಿರುತ್ತದೆ.

ಎಂಟೆರಿಕ್ ಲೇಪ: ಇದು ಜಠರದ ಆಮ್ಲದಲ್ಲಿ ಕರಗದೆ ಕರುಳಿನಲ್ಲಿ ಕರಗುವ ಲೇಪ. ಇದನ್ನು ಹೊದ್ದ ದೊಡ್ಡ ಮಾತ್ರೆ ಊಟದೊಂದಿಗೆ ಜಠರದಲ್ಲಿ ಉಳಿದಷ್ಟು ಹೊತ್ತೂ ಔಷಧದ ಬಿಡುಗಡೆ ಶುರುವಾಗುವುದೇ ಇಲ್ಲ. ನಿಧಾನಬಿಡುಗಡೆಗೆ ಎಂಟೆರಿಕ್ ಲೇಪವನ್ನೂ ಸೇರಿಸಿದ ಕೆಲವು ತಯಾರಿಕೆಗಳಲ್ಲಿ ಊಟದ ಮೇಲೆ ನುಂಗಿದ ಡೋಸಿನ ಪರಿಣಾಮ ಹಲವಾರು ಗಂಟೆ ತಡವಾದದ್ದು ಕಂಡುಬಂದಿದೆ.

ಜಠರದಲ್ಲಿ ತಂಗುವ ಮಾತ್ರೆಗಳು: ಇವು ಜಠರದಲ್ಲಿ ಉಬ್ಬಿ ಅಥವಾ ತೇಲಿ ಅಲ್ಲೇ ನಿಲ್ಲುವಂತೆ ಮಾಡಿದವು. ಇವಕ್ಕೆ ಊಟ ಅಡ್ಡಿಯಾಗುವುದಿಲ್ಲ, ಆಸರೆಯಾಗುತ್ತದೆ. ಬರಿಹೊಟ್ಟೆಯಲ್ಲಿ ನುಂಗಿದರೆ ಗುಡಿಸುವ ಅಲೆ ಇವನ್ನೂ ಸಾಗಿಸಿಬಿಡಬಹುದು.

ಆಹಾರ ಹೇಗೆ ಕೆಲಸ ಮಾಡುತ್ತದೆ

ಆಹಾರದ ಪರಿಣಾಮವನ್ನು ಎರಡು ಮೆಟ್ಟಿಲುಗಳಲ್ಲಿ ನೋಡಬೇಕು. ಮೊದಲನೆಯದು ಮಾತ್ರೆಯಿಂದ ಔಷಧ ಹೊರಬರುವುದು, ಎರಡನೆಯದು ಹೊರಬಂದ ಔಷಧ ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರುವುದು. ಆಮ್ಲತೆಯ ಬದಲಾವಣೆ, ಅರೆತ, ಕೊಬ್ಬು ಮೊದಲನೆಯದನ್ನು ಕದಲಿಸುತ್ತವೆ. ಪಿತ್ತರಸ, ಜಠರದಲ್ಲಿ ತಂಗುವ ಹೊತ್ತು, ರಕ್ತದ ಹರಿವು, ಆಹಾರದ ಅಂಶಗಳೊಂದಿಗೆ ಔಷಧದ ಪೈಪೋಟಿ ಇವು ಎರಡನೆಯದನ್ನು. ನೀರಿನಲ್ಲಿ ಕರಗದ ಜಿಡ್ಡುಪ್ರಿಯ ಔಷಧಗಳು ಪಿತ್ತರಸದ ನೆರವಿನಿಂದ ಹೆಚ್ಚು ಕರಗುವುದರಿಂದ ಕೊಬ್ಬಿನ ಊಟ ಸಾಮಾನ್ಯವಾಗಿ ಅವುಗಳ ಹೀರಿಕೆಯನ್ನು ಹೆಚ್ಚಿಸುತ್ತದೆ.

ಮಾತ್ರೆ ಜಠರದ ಯಾವ ಮೂಲೆಯಲ್ಲಿದೆ ಎಂಬುದೂ ಮುಖ್ಯ ಎಂಬುದನ್ನು ಕಾಂತೀಯ ಗುರುತು ಹಾಕಿದ ಮಾತ್ರೆಗಳ ಜಾಡು ಹಿಡಿಯುವ ವಿಧಾನ ತೋರಿಸಿತು. ರಕ್ತದೊತ್ತಡದ ಔಷಧ ಫೆಲೋಡಿಪೀನಿನ ಲೋಳೆ ಮಾತ್ರೆಯನ್ನು ಊಟದ ಮೇಲೆ ನುಂಗಿದಾಗ ಅದು ಜಠರದ ಮೇಲ್ಭಾಗದಲ್ಲಿ, ಊಟದ ರಾಶಿಯ ಮೇಲೆ, ಗಂಟೆಗಟ್ಟಲೆ ಕುಳಿತುಬಿಡಬಹುದು. ಅಲ್ಲಿ ಕಲಕುವಿಕೆ ಕಡಿಮೆ. ಮಾತ್ರೆ ಔಷಧವನ್ನು ಬಿಡುತ್ತಿದ್ದರೂ ಅದು ಸುತ್ತಲಿನ ಆಹಾರದಲ್ಲೇ ನಿಲ್ಲುತ್ತದೆ, ರಕ್ತದಲ್ಲಿ ಅದರ ಸುಳಿವಿರುವುದಿಲ್ಲ. ಮಾತ್ರೆಯೂ ಸುತ್ತಲಿನ ಆಹಾರವೂ ಕೆಳಗೆ ಸರಿದಾಗ ಅಷ್ಟು ಹೊತ್ತು ಕೂಡಿದ್ದ ಔಷಧ ಒಟ್ಟಾಗಿ ಕರುಳಿಗೆ ಹರಿಯುತ್ತದೆ. ಊಟದ ಮೇಲೆ ಗರಿಷ್ಠ ಮಟ್ಟ ತಡವಾಗಿ ಬಂದರೂ ಎತ್ತರವಾಗಿ ಬರುವುದಕ್ಕೆ ಇದೊಂದು ವಿವರಣೆ. ಫೆಲೋಡಿಪೀನಿನ ನಿಧಾನಬಿಡುಗಡೆ ಮಾತ್ರೆಯನ್ನು ಕೊಬ್ಬಿನ ಅಥವಾ ಪಿಷ್ಟ ಹೆಚ್ಚಿರುವ ಊಟದೊಂದಿಗೆ ಕೊಟ್ಟಾಗ ಒಟ್ಟು ಹೀರಿಕೆ ಬದಲಾಗದೆ ಗರಿಷ್ಠ ಮಟ್ಟ ಮಾತ್ರ ಸುಮಾರು ಶೇ. 60ರಷ್ಟು ಏರಿತು. ಬರಿಹೊಟ್ಟೆಯಲ್ಲಿ ಅಥವಾ ಹಗುರ ತಿಂಡಿಯೊಂದಿಗೆ ತೆಗೆದುಕೊಳ್ಳಿ ಎಂಬ ಸೂಚನೆ ಇದರಿಂದ ಬಂದದ್ದು. ಬೆಣ್ಣೆ ತುಪ್ಪಗಳಷ್ಟನ್ನೇ ಭಾರದ ಊಟವೆಂದು ಎಣಿಸುವ, ಅನ್ನ ಮುದ್ದೆಗಳ ದೊಡ್ಡ ಊಟ ಮಾಡುವ ಮನೆಗಳಲ್ಲಿ ಈ ವಿವರ ನೆನಪಿನಲ್ಲಿಡತಕ್ಕದ್ದು.

ಥಿಯೋಫಿಲಿನ್: ಒಂದು ಔಷಧ, ಹಲವು ವರ್ತನೆ

ಆಹಾರದ ಪರಿಣಾಮ ಔಷಧಕ್ಕಿಂತ ತಯಾರಿಕೆಗೆ ಹೆಚ್ಚು ಸೇರಿದ್ದು ಎಂಬುದಕ್ಕೆ ಥಿಯೋಫಿಲಿನ್ ಅತ್ಯಂತ ಸ್ಪಷ್ಟ ಉದಾಹರಣೆ. 1888ರಲ್ಲಿ ಆಲ್ಬ್ರೆಕ್ಟ್ ಕೋಸೆಲ್ ಚಹಾ ಎಲೆಯಿಂದ ಬೇರ್ಪಡಿಸಿದ ಈ ವಸ್ತು ಉಬ್ಬಸಕ್ಕೆ ಬಹುಕಾಲ ಮುಖ್ಯ ಔಷಧವಾಗಿತ್ತು. ಅದರ ಸುರಕ್ಷಿತ ವ್ಯಾಪ್ತಿ ಕಿರಿದು. ರಕ್ತದಲ್ಲಿ ಮಿಲಿಲೀಟರಿಗೆ 20 ಮೈಕ್ರೋಗ್ರಾಂ ದಾಟಿದರೆ ವಾಂತಿ, ಎದೆಬಡಿತದ ಏರುಪೇರು, ಮಟ್ಟ ಇನ್ನೂ ಏರಿದರೆ ಅಪಸ್ಮಾರದಂಥ ಸೆಳೆತವೂ ಬರಬಹುದು. ಸಾಮಾನ್ಯ ಮಾತ್ರೆಯಲ್ಲಿ ಅದು ಬೇಗನೆ, ಬಹುತೇಕ ಪೂರ್ತಿಯಾಗಿ ಹೀರಿಕೆಯಾಗುತ್ತದೆ. ಊಟದಿಂದ ಒಟ್ಟು ಹೀರಿಕೆಗೆ ಹೆಚ್ಚು ವ್ಯತ್ಯಾಸವಿಲ್ಲ.

1980ರ ದಶಕದಲ್ಲಿ ಅದರ ನಿಧಾನಬಿಡುಗಡೆ ರೂಪಗಳನ್ನು ಊಟದೊಂದಿಗೆ ಪರೀಕ್ಷಿಸಿದಾಗ ಮೂರು ಬಗೆಯ ಫಲಿತಾಂಶ ಬಂದವು. ಥಿಯೋ-ಡ್ಯೂರ್ ಮಾತ್ರೆಗೆ ಆಹಾರದಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಅದೇ ಹೆಸರಿನ, ಮಕ್ಕಳಿಗೆ ಆಹಾರದ ಮೇಲೆ ಉದುರಿಸಿ ಕೊಡುವ ಸ್ಪ್ರಿಂಕಲ್ ಕಾಳುಗಳ ಹೀರಿಕೆ ಊಟದಿಂದ ಗಣನೀಯವಾಗಿ ಕುಗ್ಗಿತು. ದಿನಕ್ಕೊಂದೇ ಸಲ ಸಾಕೆನ್ನುವ ಥಿಯೋ-24 ಕ್ಯಾಪ್ಸೂಲನ್ನು ಕೊಬ್ಬಿನ ಬೆಳಗಿನ ತಿಂಡಿಯೊಂದಿಗೆ ಕೊಟ್ಟಾಗ, ದಿನವಿಡೀ ಹರಡಬೇಕಿದ್ದ ಡೋಸಿನ ದೊಡ್ಡ ಪಾಲು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಸೇರಿ ವಿಷಲಕ್ಷಣ ತೋರಿತು. ಲೆಸ್ಲಿ ಹೆಂಡಲೆಸ್ ಮತ್ತು ಸಂಗಡಿಗರು 1985ರಲ್ಲಿ ಇದನ್ನು ಆಹಾರದಿಂದಾದ ಡೋಸ್ ಡಂಪಿಂಗ್ ಎಂದು ವರದಿ ಮಾಡಿದರು. ಗಂಟೆಗಳ ಮೇಲೆ ಹಂಚಿಹೋಗಬೇಕಾದ ಔಷಧ ಒಮ್ಮೆಗೇ ಸುರಿದುಬೀಳುವುದಕ್ಕೆ ಈ ಹೆಸರು. ದಿನದ ಡೋಸೆಲ್ಲ ಒಂದೇ ಮಾತ್ರೆಯಲ್ಲಿ ಅಡಗಿರುವುದರಿಂದ ನಿಧಾನಬಿಡುಗಡೆ ಔಷಧದಲ್ಲಿ ಇದು ಸಾಮಾನ್ಯ ಮಾತ್ರೆಯ ತಪ್ಪಿಗಿಂತ ಹೆಚ್ಚು ಅಪಾಯಕಾರಿ. ಮೂರೂ ಕಡೆ ಔಷಧ ಒಂದೇ. ಬದಲಾದದ್ದು ಹೊದಿಕೆ ಮತ್ತು ಕಟ್ಟಡ.

ಇತರ ಔಷಧಗಳು

ಮೆಟ್‌ಫಾರ್ಮಿನ್ ಮಧುಮೇಹಕ್ಕೆ ಅತಿ ಹೆಚ್ಚು ಬಳಕೆಯಲ್ಲಿರುವ ಔಷಧ. ಅದು ಹೀರಿಕೆಯಾಗುವುದು ಮುಖ್ಯವಾಗಿ ಸಣ್ಣ ಕರುಳಿನ ಮೇಲ್ಭಾಗದಲ್ಲಿ. ಸಾಮಾನ್ಯ ಮೆಟ್‌ಫಾರ್ಮಿನ್ ಮಾತ್ರೆಯ ಒಟ್ಟು ಹೀರಿಕೆ ಊಟದೊಂದಿಗೆ ಸುಮಾರು ಶೇ. 25ರಷ್ಟು ಕಡಿಮೆಯಾಗುತ್ತದೆ. ಗ್ಲೂಕೋಫೇಜ್ ಎಕ್ಸ್‌ಆರ್ ಎಂಬ ನಿಧಾನಬಿಡುಗಡೆ ಮಾತ್ರೆಯ ಹೀರಿಕೆ ಅದೇ ಊಟದೊಂದಿಗೆ ಸುಮಾರು ಶೇ. 50ರಷ್ಟು ಹೆಚ್ಚುತ್ತದೆ. ಊಟ ಮಾತ್ರೆಯನ್ನು ಜಠರದಲ್ಲಿ ಹಿಡಿದಿಟ್ಟು, ಹೀರುವ ಜಾಗಕ್ಕೆ ಔಷಧವನ್ನು ಹನಿ ಹನಿಯಾಗಿ ಕಳಿಸುತ್ತದೆ. ಬರಿಹೊಟ್ಟೆಯಲ್ಲಾದರೆ ಮಾತ್ರೆ ಆ ಜಾಗವನ್ನು ಬೇಗ ದಾಟಿಹೋಗುತ್ತದೆ. ಅದನ್ನು ರಾತ್ರಿಯ ಊಟದೊಂದಿಗೆ ಕೊಡುವ ರೂಢಿಗೆ ಇದು ಮುಖ್ಯ ಆಧಾರ. ಹೊಟ್ಟೆಯ ಕಿರಿಕಿರಿ ಕಡಿಮೆಯಾಗುವುದು ಇನ್ನೊಂದು ಲಾಭ.

ನಿಫೆಡಿಪೀನ್ ರಕ್ತದೊತ್ತಡ ಮತ್ತು ಎದೆನೋವಿನ ಔಷಧ. ಆಸ್ಮೋಟಿಕ್ ಪಂಪಿನ ರೂಪದಲ್ಲಿ ಊಟ ಅದರ ಹೀರಿಕೆಯ ಮೊದಲ ಕೆಲವು ಗಂಟೆಗಳನ್ನು ತುಸು ಬದಲಿಸುತ್ತದೆ, ಒಟ್ಟು ಹೀರಿಕೆ ಹಾಗೇ ಉಳಿಯುತ್ತದೆ. ಅಡಲಾಟ್ ಸಿಸಿ ಎಂಬ ಇನ್ನೊಂದು ರೂಪದಲ್ಲಿ ಕೊಬ್ಬಿನ ಊಟದ ಮೇಲೆ ಗರಿಷ್ಠ ಮಟ್ಟ ಶೇ. 60ರಷ್ಟು ಏರುವುದರಿಂದ ಅದನ್ನು ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಪಂಪಿನ ರಚನೆಯೇ ಎಲ್ಲಕ್ಕೂ ರಕ್ಷಣೆ ಎಂದು ತಿಳಿಯುವಂತಿಲ್ಲ. ಅದೇ ಬಗೆಯ ಪಂಪಿನಲ್ಲಿ ಬರುವ ಮನೋರೋಗದ ಔಷಧ ಪ್ಯಾಲಿಪೆರಿಡೋನ್ ಕೊಬ್ಬಿನ ಊಟದೊಂದಿಗೆ ಶೇ. 50ಕ್ಕೂ ಹೆಚ್ಚು ಅಧಿಕ ಪ್ರಮಾಣದಲ್ಲಿ ರಕ್ತ ಸೇರುತ್ತದೆ. ಪಂಪು ಬಿಡುಗಡೆಯನ್ನು ಕಾಯಬಲ್ಲದು. ಹೀರಿಕೆ ಕರುಳಿಗೆ ಬಿಟ್ಟದ್ದು.

ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರ ಕಟ್ಟುವ ವಯಸ್ಸಾದ ಗಂಡಸರಿಗೆ ಕೊಡುವ ಎರಡು ಔಷಧಗಳು ಊಟದೆದುರು ತದ್ವಿರುದ್ಧ. ಟ್ಯಾಮ್ಸುಲೋಸಿನ್ ಕ್ಯಾಪ್ಸೂಲನ್ನು ಬರಿಹೊಟ್ಟೆಯಲ್ಲಿ ನುಂಗಿದರೆ ಗರಿಷ್ಠ ಮಟ್ಟ ಶೇ. 40ರಿಂದ 70ರಷ್ಟು ಹೆಚ್ಚು. ಎದ್ದು ನಿಂತಾಗ ರಕ್ತದೊತ್ತಡ ಕುಸಿದು ತಲೆ ಸುತ್ತುವುದು ಈ ಬಗೆಯ ಔಷಧಗಳ ಅಡ್ಡಪರಿಣಾಮವಾದ್ದರಿಂದ ಮಟ್ಟ ಏರಿದಷ್ಟೂ ಬೀಳುವ ಅಪಾಯ ಹೆಚ್ಚು. ಆಲ್ಫುಜೋಸಿನ್ ನಿಧಾನಬಿಡುಗಡೆ ಮಾತ್ರೆಯ ಹೀರಿಕೆ ಬರಿಹೊಟ್ಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕಾರಣ ವಿರುದ್ಧವಾದರೂ ಎರಡಕ್ಕೂ ಸೂಚನೆ ಒಂದೇ: ದಿನವೂ ಅದೇ ಊಟವಾದ ಮೇಲೆ.

ವೆರಾಪಮಿಲ್ ಎಸ್‌ಆರ್ ಮಾತ್ರೆಯ ಹೀರಿಕೆ ಊಟದಿಂದ ತುಸು ಕಡಿಮೆಯಾಗುತ್ತದೆ, ಆದರೆ ಗರಿಷ್ಠ ಮತ್ತು ಕನಿಷ್ಠ ಮಟ್ಟಗಳ ಅಂತರ ಕಿರಿದಾಗಿ ರಕ್ತಮಟ್ಟ ಸಮತಟ್ಟಾಗುತ್ತದೆ. ಹೀಗಾಗಿ ಅದನ್ನು ಊಟದೊಂದಿಗೆ ಕೊಡುವುದೇ ಲೇಸು. ಕ್ವೆಟಿಯಪೀನ್ ಎಕ್ಸ್‌ಆರ್ ಕೊಬ್ಬಿನ ಊಟದೊಂದಿಗೆ ಗರಿಷ್ಠ ಮಟ್ಟದಲ್ಲಿ ಶೇ. 44ರಿಂದ 52ರಷ್ಟು ಏರುವುದರಿಂದ ಅದನ್ನು ಬರಿಹೊಟ್ಟೆಯಲ್ಲಿ ಅಥವಾ ಸುಮಾರು 300 ಕ್ಯಾಲೊರಿಯ ಹಗುರ ತಿಂಡಿಯೊಂದಿಗೆ ಕೊಡುತ್ತಾರೆ. ಮೆಟೊಪ್ರೊಲಾಲ್ ಸಕ್ಸಿನೇಟಿನ ಕಾಳುಮಾತ್ರೆಗೆ ಊಟದಿಂದ ಗಮನಾರ್ಹ ವ್ಯತ್ಯಾಸವಿಲ್ಲ.

ನಿರ್ದಿಷ್ಟ ಆಹಾರ ಪಾನೀಯಗಳು

ಮದ್ಯ: ನಿಧಾನಬಿಡುಗಡೆಯ ಹಲವು ಲೇಪಗಳು ನೀರಿನಲ್ಲಿ ಕರಗದಿದ್ದರೂ ಆಲ್ಕೊಹಾಲಿನಲ್ಲಿ ಕರಗುತ್ತವೆ. ಪ್ಯಾಲಡೋನ್ ಎಂಬ ಹೈಡ್ರೊಮಾರ್ಫೋನ್ ನೋವುನಿವಾರಕವನ್ನು ಶೇ. 40ರ ಆಲ್ಕೊಹಾಲ್ 240 ಮಿಲಿಲೀಟರಿನೊಂದಿಗೆ ಪರೀಕ್ಷಿಸಿದಾಗ ಗರಿಷ್ಠ ಮಟ್ಟ ಸರಾಸರಿ ಸುಮಾರು ಆರು ಪಟ್ಟು ಏರಿತು. ಒಬ್ಬರಲ್ಲಿ 16 ಪಟ್ಟು. ಉಸಿರು ನಿಲ್ಲಿಸಬಲ್ಲ ಔಷಧವಾದ್ದರಿಂದ 2005ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಕೋರಿಕೆಯಂತೆ ಅದರ ಮಾರಾಟ ನಿಂತಿತು. ಆ ಬಳಿಕ ಇಂಥ ತಯಾರಿಕೆಗಳನ್ನು ಪ್ರಯೋಗಾಲಯದಲ್ಲಿ ಆಲ್ಕೊಹಾಲಿನಲ್ಲಿ ನೆನೆಸಿ ಪರೀಕ್ಷಿಸುವುದು ರೂಢಿಯಾಯಿತು.

ಗ್ರೇಪ್‌ಫ್ರೂಟ್ ಮತ್ತು ಚಕ್ಕೋತ: ಕರುಳಿನ ಗೋಡೆಯಲ್ಲಿರುವ ಸಿವೈಪಿ3ಎ4 ಎಂಬ ಕಿಣ್ವ ಫೆಲೋಡಿಪೀನಿನಂಥ ಔಷಧಗಳ ದೊಡ್ಡ ಪಾಲನ್ನು ರಕ್ತ ಸೇರುವ ಮೊದಲೇ ಒಡೆದುಹಾಕುತ್ತದೆ. ಗ್ರೇಪ್‌ಫ್ರೂಟ್ ರಸದ ಫ್ಯುರಾನೊಕೂಮರಿನ್‌ಗಳು ಈ ಕಿಣ್ವವನ್ನು ಕೆಡಿಸುತ್ತವೆ. ಕೆನಡಾದಲ್ಲಿ ಡೇವಿಡ್ ಬೈಲಿ ಮತ್ತು ಸಂಗಡಿಗರು ಫೆಲೋಡಿಪೀನ್ ಮತ್ತು ಮದ್ಯದ ಪ್ರಯೋಗದಲ್ಲಿ ಮದ್ಯದ ರುಚಿ ಮರೆಸಲು ಈ ರಸ ಬಳಸಿದಾಗ ಇದು ಅನಿರೀಕ್ಷಿತವಾಗಿ ತಿಳಿದುಬಂತು. 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವಿವರವಾಗಿ ಪ್ರಕಟವಾಯಿತು. ಹೊಸ ಕಿಣ್ವ ಹುಟ್ಟಬೇಕಾದ್ದರಿಂದ ಒಂದು ಲೋಟ ರಸದ ಪರಿಣಾಮ ಒಂದು ದಿನಕ್ಕೂ ಮಿಕ್ಕಿ ಉಳಿಯಬಹುದು. ಮಾತ್ರೆಯನ್ನೂ ರಸವನ್ನೂ ಬೇರೆ ಬೇರೆ ಹೊತ್ತಿನಲ್ಲಿ ತೆಗೆದುಕೊಂಡರೆ ಸಾಲದು. ಗ್ರೇಪ್‌ಫ್ರೂಟ್ ಹುಟ್ಟಿದ್ದು ಚಕ್ಕೋತ ಮತ್ತು ಕಿತ್ತಳೆಯ ಮಿಶ್ರಣದಿಂದ. ದೇವನಹಳ್ಳಿಯ ಸುತ್ತ ಬೆಳೆಯುವ, ಭೌಗೋಳಿಕ ಗುರುತು ಪಡೆದ ಚಕ್ಕೋತ ಅದೇ ಜಾತಿಯದು. ಚಕ್ಕೋತದಲ್ಲೂ ಫ್ಯುರಾನೊಕೂಮರಿನ್‌ಗಳು ಇರುವುದರಿಂದ ಈ ಔಷಧಗಳನ್ನು ಸೇವಿಸುವವರು ಅದರ ಬಗ್ಗೆಯೂ ವೈದ್ಯರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಹಾಲು, ಕಾಫಿ, ಚಹಾ: ಸಿಪ್ರೊಫ್ಲಾಕ್ಸಸಿನ್ ಹಾಲು ಮೊಸರಿನ ಕ್ಯಾಲ್ಸಿಯಮ್ಮಿಗೆ ಅಂಟಿಕೊಂಡು ಹೀರಿಕೆಯಾಗದೆ ಉಳಿಯುತ್ತದೆ, ನಿಧಾನಬಿಡುಗಡೆ ರೂಪಕ್ಕೂ ಇದು ತಪ್ಪಿದ್ದಲ್ಲ. ಕಬ್ಬಿಣಾಂಶದ ಹೀರಿಕೆಯನ್ನು ಚಹಾ ಕಾಫಿಗಳ ಪಾಲಿಫೀನಾಲ್‌ಗಳು ತಗ್ಗಿಸುತ್ತವೆ. ಕಬ್ಬಿಣ ಚೆನ್ನಾಗಿ ಹೀರಿಕೆಯಾಗುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ನಿಧಾನಬಿಡುಗಡೆಯ ಕಬ್ಬಿಣದ ಮಾತ್ರೆ ಆ ಭಾಗವನ್ನು ದಾಟಿದ ಮೇಲೂ ಕಬ್ಬಿಣವನ್ನು ಬಿಡುತ್ತಿರುವುದರಿಂದ ಅದು ಮೊದಲೇ ಹಿನ್ನಡೆಯಲ್ಲಿರುತ್ತದೆ. ತಿಂಡಿಯ ಬೆನ್ನಿಗೇ ಕಾಫಿ ಕುಡಿಯುವ ನಮ್ಮ ಅಭ್ಯಾಸ ಅದನ್ನು ಇನ್ನಷ್ಟು ಕುಗ್ಗಿಸುತ್ತದೆ.

ಪ್ರೋಟೀನು: ಪಾರ್ಕಿನ್ಸನ್ ಕಾಯಿಲೆಯ ಲೆವೊಡೋಪ ಅಮೈನೊ ಆಮ್ಲಗಳು ದಾಟುವ ದಾರಿಯಲ್ಲೇ ಕರುಳನ್ನೂ ಮಿದುಳಿನ ತಡೆಯನ್ನೂ ದಾಟುತ್ತದೆ. ಪ್ರೋಟೀನು ಹೆಚ್ಚಿರುವ ಊಟ ಆ ದಾರಿಯಲ್ಲಿ ಪೈಪೋಟಿಗಿಳಿಯುವುದರಿಂದ ಔಷಧದ ಫಲ ಕುಂದಬಹುದು.

ಪರೀಕ್ಷೆ ಮತ್ತು ನಿಯಮ

ಆಹಾರದ ಪರಿಣಾಮವನ್ನು ಅಳೆಯಲು ಆರೋಗ್ಯವಂತ ಸ್ವಯಂಸೇವಕರಿಗೆ ಒಮ್ಮೆ ಬರಿಹೊಟ್ಟೆಯಲ್ಲಿ, ಇನ್ನೊಮ್ಮೆ ಊಟದೊಂದಿಗೆ ಅದೇ ಔಷಧ ಕೊಟ್ಟು ರಕ್ತಮಟ್ಟಗಳನ್ನು ಹೋಲಿಸುತ್ತಾರೆ. ಅಮೆರಿಕದ 2002ರ ಮಾರ್ಗಸೂಚಿಯಂತೆ ಸ್ವಯಂಸೇವಕರು ಕನಿಷ್ಠ 10 ಗಂಟೆ ಉಪವಾಸವಿದ್ದು, 800ರಿಂದ 1000 ಕ್ಯಾಲೊರಿಯ, ಅದರಲ್ಲಿ ಸುಮಾರು ಅರ್ಧ ಕೊಬ್ಬಿನಿಂದ ಬರುವ ತಿಂಡಿಯನ್ನು 30 ನಿಮಿಷದೊಳಗೆ ತಿಂದು, 240 ಮಿಲಿಲೀಟರ್ ನೀರಿನೊಂದಿಗೆ ಔಷಧ ನುಂಗಬೇಕು. ಮಾದರಿ ತಿಂಡಿ ಹೀಗಿದೆ: ಬೆಣ್ಣೆಯಲ್ಲಿ ಹುರಿದ ಎರಡು ಮೊಟ್ಟೆ, ಎರಡು ತುಂಡು ಬೇಕನ್, ಬೆಣ್ಣೆ ಸವರಿದ ಎರಡು ಟೋಸ್ಟು, ಹುರಿದ ಆಲೂಗೆಡ್ಡೆ, ಒಂದು ಲೋಟ ಕೆನೆಹಾಲು. ಕ್ಯಾಲೊರಿ ಮತ್ತು ಕೊಬ್ಬು ಸರಿಹೊಂದುವುದಾದರೆ ಬೇರೆ ಖಾದ್ಯಗಳನ್ನೂ ಬಳಸಬಹುದು. ಇಂಥ ಭಾರದ ತಿಂಡಿಯನ್ನು ಆರಿಸಿರುವುದು ಅತಿ ಹೆಚ್ಚಿನ ಪರಿಣಾಮ ಕಾಣಿಸಲೆಂದು. ಹಬೆಯಲ್ಲಿ ಬೆಂದ ಇಡ್ಲಿಯ ತಿಂಡಿಗೂ ಇದಕ್ಕೂ ಹೋಲಿಕೆಯಿಲ್ಲ. ಬೆಣ್ಣೆ ದೋಸೆಯ ತಿಂಡಿ ಇದಕ್ಕೆ ಹತ್ತಿರ. ಎರಡು ಸಂದರ್ಭಗಳ ಅನುಪಾತದ ಶೇ. 90 ವಿಶ್ವಾಸಾಂತರ ಶೇ. 80ರಿಂದ 125ರೊಳಗೆ ಇದ್ದರೆ ಆಹಾರದ ಪರಿಣಾಮವಿಲ್ಲವೆಂದು ಎಣಿಸುತ್ತಾರೆ.

ಮನುಷ್ಯರ ಮೇಲಿನ ಪರೀಕ್ಷೆಗೆ ಮೊದಲು ಪ್ರಯೋಗಾಲಯದಲ್ಲಿ ಕೃತಕ ಕರುಳಿನ ರಸಗಳಲ್ಲಿ ಮಾತ್ರೆ ಹೇಗೆ ಕರಗುತ್ತದೆಂದು ನೋಡುತ್ತಾರೆ. ಬರಿಹೊಟ್ಟೆಯನ್ನು ಹೋಲುವ ದ್ರಾವಣದ ಪಿಎಚ್ 6.5, ಉಂಡ ಸ್ಥಿತಿಯದರ ಪಿಎಚ್ 5, ಅದರಲ್ಲಿ ಪಿತ್ತಲವಣ ಐದು ಪಟ್ಟು.

ಭಾರತದಲ್ಲಿ 2019ರ ಹೊಸ ಔಷಧ ಮತ್ತು ವೈದ್ಯಕೀಯ ಪ್ರಯೋಗ ನಿಯಮಗಳ ಪ್ರಕಾರ ಮೂಲ ಔಷಧ ಎಷ್ಟೇ ಹಳೆಯದಾಗಿರಲಿ, ಅದರ ನಿಧಾನಬಿಡುಗಡೆ ರೂಪ ಎಂದೆಂದಿಗೂ ಹೊಸ ಔಷಧವೆಂದೇ ಪರಿಗಣಿತ. ಬೇರೆ ಬಹುಪಾಲು ಹೊಸ ಔಷಧಗಳು ಕೆಲವು ವರ್ಷಗಳಲ್ಲಿ ಆ ಪಟ್ಟಿಯಿಂದ ಹೊರಬರುತ್ತವೆ, ಇವು ಬರುವುದಿಲ್ಲ. ತಯಾರಿಕೆಯೇ ಔಷಧದ ವರ್ತನೆಯನ್ನು ನಿರ್ಧರಿಸುತ್ತದೆ ಎಂಬ ತಿಳಿವಳಿಕೆಗೆ ಇದು ಕಾನೂನಿನ ರೂಪ.

ಬಳಕೆಯಲ್ಲಿ

ದಿನನಿತ್ಯದ ಬಳಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಂದೇ ಕ್ರಮ. ಊಟದೊಂದಿಗೆ ಎಂದರೆ ದಿನವೂ ಊಟದೊಂದಿಗೆ, ಬರಿಹೊಟ್ಟೆ ಎಂದರೆ ದಿನವೂ ಬರಿಹೊಟ್ಟೆ. ಒಂದು ದಿನ ಹೀಗೆ, ಒಂದು ದಿನ ಹಾಗೆ ಆದರೆ ರಕ್ತಮಟ್ಟವೂ ಹಾಗೇ ಏರಿಳಿಯುತ್ತದೆ. ಮಾತ್ರೆಯನ್ನು ಒಂದು ಲೋಟ ನೀರಿನೊಂದಿಗೆ ಇಡಿಯಾಗಿ ನುಂಗಬೇಕು. ನುಂಗಲಾರದ ಹಿರಿಯರಿಗೆಂದು ಪುಡಿಮಾಡಿ ಅನ್ನದಲ್ಲೋ ಗಂಜಿಯಲ್ಲೋ ಕಲಸಿ ಕೊಟ್ಟರೆ ಕಟ್ಟಡವೇ ಮುರಿದು ದಿನದ ಡೋಸು ಒಮ್ಮೆಗೇ ಸಿಗುತ್ತದೆ. ಕೆಲವು ಕಾಳಿನ ಕ್ಯಾಪ್ಸೂಲುಗಳನ್ನು ಬಿಡಿಸಿ ಮೆತ್ತನೆಯ ಆಹಾರದ ಮೇಲೆ ಉದುರಿಸಿ ಅಗಿಯದೆ ನುಂಗಬಹುದು, ನಡುವೆ ಗೀರಿರುವ ಕೆಲವು ಮಾತ್ರೆಗಳನ್ನು ಎರಡು ಹೋಳು ಮಾಡಬಹುದು. ಆದರೆ ಆ ತಯಾರಿಕೆಯ ಸೂಚನೆಯಲ್ಲಿ ಹಾಗೆಂದು ಬರೆದಿದ್ದರೆ ಮಾತ್ರ.

ಏಕಾದಶಿ, ಶಿವರಾತ್ರಿ, ರಂಜಾನಿನ ಉಪವಾಸಗಳಲ್ಲಿ ಊಟದ ಹೊತ್ತೇ ಬದಲಾಗುತ್ತದೆ. ರಂಜಾನಿನಲ್ಲಿ ದಿನಕ್ಕೊಂದು ಸಲದ ಮೆಟ್‌ಫಾರ್ಮಿನ್ ನಿಧಾನಬಿಡುಗಡೆ ಮಾತ್ರೆಯನ್ನು ಇಫ್ತಾರಿನ ಊಟಕ್ಕೆ ಹೊಂದಿಸುವುದು ರೂಢಿ. ಇಡೀ ದಿನ ಊಟವಿಲ್ಲದ ವ್ರತಗಳಲ್ಲಿ ಏನು ಮಾಡಬೇಕೆಂದು ಮುಂಚೆಯೇ ವೈದ್ಯರನ್ನು ಕೇಳಬೇಕು. ಹಳೆಯ ಮಧುಮೇಹದಿಂದ ಜಠರ ಮಂದವಾದವರಲ್ಲಿ ಬರಿಹೊಟ್ಟೆಯೂ ಉಂಡ ಹೊಟ್ಟೆಯಂತೆ ವರ್ತಿಸಬಹುದು. ಆಮ್ಲ ತಗ್ಗಿಸುವ ಒಮೆಪ್ರಜೋಲ್‌ನಂಥ ಮಾತ್ರೆ ನುಂಗುವವರ ಜಠರದ ಪಿಎಚ್ ಊಟವಿಲ್ಲದೆಯೂ ಏರಿರುತ್ತದೆ. ಜಠರದ ಭಾಗ ತೆಗೆದವರಲ್ಲಿ ಮಾತ್ರೆ ಹಿಡಿದಿಡುವ ಜಾಗವೇ ಕಿರಿದು.

ಅಂಗಡಿಯಲ್ಲಿ ಕಂಪನಿ ಬದಲಾದಾಗ ಔಷಧದ ಹೆಸರು ಮತ್ತು ಮಿಲಿಗ್ರಾಂ ಸರಿಯಿದ್ದರೂ ಊಟಕ್ಕೆ ಸಂಬಂಧಿಸಿದ ಸೂಚನೆ ಬೇರೆಯಾಗಿರಬಹುದು. ಥಿಯೋಫಿಲಿನ್, ನಿಫೆಡಿಪೀನ್‌ಗಳಂಥ ಔಷಧಗಳಲ್ಲಿ ಹೊಸ ತಯಾರಿಕೆಯ ಸೂಚನಾಪತ್ರವನ್ನು ಹೊಸದಾಗಿಯೇ ಓದಿ, ಅದನ್ನು ಊಟಕ್ಕೆ ಮುಂಚೆ ನುಂಗಬೇಕೋ ಊಟವಾದ ಮೇಲೋ ಎಂದು ವೈದ್ಯರಿಂದ ಅಥವಾ ಔಷಧಿ ಕೊಡುವವರಿಂದ ಖಚಿತಪಡಿಸಿಕೊಳ್ಳಬೇಕು.